ದುಃಖಕ್ಕೊಂದು ಅಂಗಳ: ಆತ್ಮಹತ್ಯೆಯಲ್ಲಿ ಆಪ್ತರನ್ನು ಕಳೆದುಕೊಂಡವರು ಮತ್ತು ಸಾಮಾಜಿಕ ಜಾಲತಾಣ



ಸಾವಿನ ಮನೆಗೆ ಹೋಗಿಬರುವುದು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ಹೊಸ ಕರ್ತವ್ಯವಲ್ಲ. ವಯಸ್ಸಾದವರು ತೀರಿಕೊಂಡಾಗ ಏನು ಹೇಳಬೇಕು, ಬಹುಕಾಲ ಕಾಯಿಲೆಯಿಂದ ನರಳಿದವರು ಕಣ್ಣು ಮುಚ್ಚಿದಾಗ ಮನೆಯವರನ್ನು ಹೇಗೆ ಸಂತೈಸಬೇಕು, ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಪಕ್ಕದಲ್ಲಿ ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನು ನಾವು ಹಿರಿಯರನ್ನು ನೋಡಿ ಕಲಿತಿದ್ದೇವೆ. ಜಪಮಾಲೆ ನಡೆಯುತ್ತದೆ, ನೆರೆಮನೆಯಿಂದ ಗಂಜಿ ಬರುತ್ತದೆ, ಏಳನೆಯ ದಿನದ ಮತ್ತು ತಿಂಗಳ ಬಲಿಪೂಜೆಗೆ ಬಂಧುಗಳು ಕೂಡುತ್ತಾರೆ. ಆದರೆ ಮನೆಯವರೊಬ್ಬರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಾಗ ಈ ಕಲಿಕೆಯೆಲ್ಲ ಒಮ್ಮೆಲೇ ಮರೆತುಹೋಗುತ್ತದೆ. ಬಂದವರು ಹೊಸ್ತಿಲಲ್ಲೇ ತಡವರಿಸುತ್ತಾರೆ. ಕೇಳಬಾರದ್ದನ್ನು ಕೇಳುತ್ತಾರೆ, ಇಲ್ಲವೇ ಏನನ್ನೂ ಕೇಳದೆ ಹೊರಟುಬಿಡುತ್ತಾರೆ.

ಇದು ವಿರಳವಾದ ಸಂಕಟವೆಂದು ಯಾರೂ ಭಾವಿಸಬಾರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,606 ಮಂದಿ ಕರ್ನಾಟಕದವರು. ಇಂಥ ಪ್ರತಿಯೊಂದು ಸಾವಿನ ಹಿಂದೆ ಕನಿಷ್ಠ ಆರು ಮಂದಿ ತೀವ್ರವಾಗಿ ಬಾಧಿತರಾಗುತ್ತಾರೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಬಹಳ ಹಿಂದೆಯೇ ಅಂದಾಜು ಮಾಡಿದ್ದರು. ಅದೇ ದೇಶದ ಜೂಲಿ ಸೆರೆಲ್ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಸತ್ತವರನ್ನು ಬಲ್ಲವರನ್ನೆಲ್ಲ ಎಣಿಸಿದರೆ ಒಂದು ಸಾವು ಸುಮಾರು 135 ಮಂದಿಯನ್ನು ತಟ್ಟುತ್ತದೆಂದು ಹೇಳಿತು. ನಮ್ಮ ಭಾನುವಾರದ ಬಲಿಪೂಜೆಯ ಸಾಲುಗಳಲ್ಲಿ ಇಂಥವರು ಕುಳಿತಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಇವರು ತಮ್ಮ ದುಃಖವನ್ನು ಎಲ್ಲಿಗೆ ಕೊಂಡೊಯ್ಯುತ್ತಾರೆ? ಅನೇಕರು ರಾತ್ರಿ ಎಲ್ಲರೂ ಮಲಗಿದ ಮೇಲೆ ಕೈಯಲ್ಲಿರುವ ಮೊಬೈಲಿನಲ್ಲಿ ಬರೆಯುತ್ತಾರೆ. ಸತ್ತವರ ಫೇಸ್‌ಬುಕ್ ಪುಟದಲ್ಲಿ, ಮುಚ್ಚಿದ ಗುಂಪುಗಳಲ್ಲಿ, ಮುಖ ಕಾಣದ ಅಪರಿಚಿತರಿಗೆ. ಈ ಬರಹಗಳನ್ನು ಕುರಿತು ನಮ್ಮಲ್ಲಿ ಸಿದ್ಧ ತೀರ್ಪೊಂದಿದೆ: ಮನೆಯ ನೋವನ್ನು ಬೀದಿಗೆ ಹಾಕುತ್ತಿದ್ದಾರೆ ಎಂಬುದು. ಆ ತೀರ್ಪು ಸರಿಯೇ? ಒಂದು ಸಾಹಿತ್ಯ ಪ್ರಕಾರವನ್ನು ಪರಿಶೀಲಿಸುವಂತೆ ಈ ಬರಹಗಳನ್ನು ಪರಿಶೀಲಿಸಿ, ಅವುಗಳ ಬಲವನ್ನೂ ದೋಷವನ್ನೂ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ದಾವೀದನ ಎರಡು ಎಚ್ಚರಗಳು

ವಿಮರ್ಶೆಗೆ ಒಂದು ಅಳತೆಗೋಲು ಬೇಕು. ಅದನ್ನು ಪವಿತ್ರ ಗ್ರಂಥದಿಂದಲೇ ತೆಗೆದುಕೊಳ್ಳೋಣ. ಸಮುವೇಲನ ಮೊದಲನೆಯ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅರಸ ಸೌಲನು ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಸೋತು, ಗಾಯಗೊಂಡು, ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ. ರಣರಂಗದ ಆ ಸಾವಿಗೂ ನಮ್ಮ ಮನೆಗಳಲ್ಲಿ ಸಂಭವಿಸುವ ಸಾವಿಗೂ ವ್ಯತ್ಯಾಸವುಂಟು, ನಿಜ. ಆದರೆ ಸತ್ತ ಮೇಲೆ ಅವನಿಗಾಗಿ ಜನರು ಏನು ಮಾಡಿದರು ಎಂಬುದು ನಮಗೆ ಮುಖ್ಯ.

ಎರಡನೆಯ ಗ್ರಂಥದ ಮೊದಲ ಅಧ್ಯಾಯದಲ್ಲಿ ದಾವೀದನು ಸೌಲನಿಗಾಗಿಯೂ ಅವನ ಮಗ ಯೋನಾತಾನನಿಗಾಗಿಯೂ ಶೋಕಗೀತೆಯೊಂದನ್ನು ಹಾಡುತ್ತಾನೆ. ಸೌಲನು ಅವನನ್ನು ಕೊಲ್ಲಲು ಹೊಂಚುಹಾಕಿದ್ದವನು. ಆದರೂ ಆ ಗೀತೆಯಲ್ಲಿ ಸೌಲನ ಅಪರಾಧಗಳ ಪಟ್ಟಿಯಿಲ್ಲ. ಅವನು ಸತ್ತ ಬಗೆಯ ಕುತೂಹಲವಿಲ್ಲ. ಅವನ ಶೌರ್ಯ ಮತ್ತು ಜನರು ಅವನ ಮೇಲಿಟ್ಟಿದ್ದ ಪ್ರೀತಿ ಮಾತ್ರ ಇವೆ. ಈ ಗೀತೆಯ ವಿಷಯದಲ್ಲಿ ದಾವೀದನು ಎರಡು ಎಚ್ಚರಗಳನ್ನು ವಹಿಸುತ್ತಾನೆ. ಮೊದಲನೆಯದಾಗಿ, ಇದನ್ನು ಯೆಹೂದದ ಜನರಿಗೆ ಕಲಿಸಬೇಕೆಂದು ಆಜ್ಞಾಪಿಸುತ್ತಾನೆ. ಅಂದರೆ ಈ ದುಃಖ ಒಂದು ಮನೆಯ ಗುಟ್ಟಲ್ಲ; ಇಡೀ ಜನಾಂಗ ಕಲಿತು ಹಾಡಬೇಕಾದದ್ದು. ಎರಡನೆಯದಾಗಿ, ಶತ್ರುಗಳಾದ ಫಿಲಿಷ್ಟಿಯರ ಗತ್ ಮತ್ತು ಅಷ್ಕೆಲೋನ್ ಪಟ್ಟಣಗಳ ಬೀದಿಗಳಿಗೆ ಈ ಸುದ್ದಿ ಮುಟ್ಟಬಾರದೆಂದು ಬಯಸುತ್ತಾನೆ. ಏಕೆಂದರೆ ಅಲ್ಲಿನವರು ಅದನ್ನು ಕೇಳಿ ಹಿಗ್ಗಿ ಕುಣಿದಾರು.

ದುಃಖವನ್ನು ಹೇಳಿಕೊಳ್ಳಲೇಬೇಕು, ಆದರೆ ಎಲ್ಲಿ ಹೇಳಿಕೊಳ್ಳಬೇಕೆಂಬ ವಿವೇಕವೂ ಬೇಕು. ಒಂದು ಜಾಗ ಕಾಗದದ್ದೋ, ಕಲ್ಲಿನದ್ದೋ, ಗಾಜಿನ ಪರದೆಯದ್ದೋ ಎಂಬುದು ಎರಡನೆಯ ಪ್ರಶ್ನೆ. ಅದು ದುಃಖಿತರ ಪಾಲಿಗೆ ಯೆಹೂದದ ಅಂಗಳವೋ ಗತ್ ಊರಿನ ಬೀದಿಯೋ ಎಂಬುದೇ ಮೊದಲನೆಯ ಪ್ರಶ್ನೆ.

ನಮ್ಮ ಅಂಗಳ ಏಕೆ ಮುಚ್ಚಿತ್ತು?

ಜಾಲತಾಣವನ್ನು ತೂಗುವ ಮೊದಲು ನಮ್ಮನ್ನೇ ತೂಗಿಕೊಳ್ಳುವುದು ನ್ಯಾಯ. 1917ರ ಧರ್ಮಸಭೆಯ ಕಾನೂನು ಸಂಹಿತೆಯು, ತಿಳಿದೂ ತಿಳಿದೂ ಪ್ರಾಣ ಕಳೆದುಕೊಂಡವರು ಪಶ್ಚಾತ್ತಾಪದ ಯಾವ ಗುರುತನ್ನೂ ತೋರದಿದ್ದರೆ ಅವರಿಗೆ ಕ್ರೈಸ್ತ ಸಮಾಧಿಯನ್ನು ನಿರಾಕರಿಸಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಜೀವವು ದೇವರ ಕೊಡುಗೆಯೆಂಬ ಬೋಧನೆಯನ್ನು ಸಡಿಲಿಸದೆಯೇ, ತೀವ್ರ ಮಾನಸಿಕ ಕ್ಷೋಭೆ, ಯಾತನೆ, ಭಯಗಳು ಒಬ್ಬನ ಹೊಣೆಯನ್ನು ಕುಗ್ಗಿಸಬಲ್ಲವೆಂದು ಒಪ್ಪಿತು. ಇಂಥವರ ನಿತ್ಯ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದೂ ತಿಳಿಸಿತು. ಅದಕ್ಕೂ ಬಹಳ ಮೊದಲು, ಹತ್ತೊಂಬತ್ತನೆಯ ಶತಮಾನದಲ್ಲಿ, ಆರ್ಸ್ ಗ್ರಾಮದ ಧರ್ಮಗುರು ಸಂತ ಜಾನ್ ಮರಿಯ ವಿಯಾನ್ನಿಯವರು ಸೇತುವೆಯಿಂದ ಹಾರಿ ಸತ್ತವನೊಬ್ಬನ ವಿಧವೆಗೆ, ಸೇತುವೆಗೂ ನೀರಿಗೂ ನಡುವೆ ಅವನಿಗೆ ದೇವರನ್ನು ನೆನೆಯಲು ಕಾಲವಿತ್ತೆಂದು ಹೇಳಿ ಸಂತೈಸಿದ ಪ್ರಸಂಗ ಹೇಳಿಕೆಯಲ್ಲಿ ಉಳಿದುಬಂದಿದೆ.

ದೇಶದ ಕಾನೂನೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆನ್ನುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಂಥ ಯತ್ನವನ್ನು ಶಿಕ್ಷಾರ್ಹವಾಗಿಸಿದ್ದ ಹಳೆಯ 309ನೇ ಕಲಮು ಇಲ್ಲ.

ಸಂಹಿತೆಗಳು ಬದಲಾದರೂ ನಮ್ಮ ಜಗಲಿಗಳ ಮಾತು ಬದಲಾಗಿಲ್ಲ. ಕನ್ನಡ ಪತ್ರಿಕೆಗಳ ತಲೆಬರಹವನ್ನೇ ಗಮನಿಸಿರಿ: 'ಆತ್ಮಹತ್ಯೆಗೆ ಶರಣು'. ಶರಣು ಎಂಬುದು ಭಕ್ತನು ದೇವರ ಪಾದದಲ್ಲಿ ಹೇಳುವ ಮಾತು. ಆಶ್ರಯವನ್ನು ಸೂಚಿಸುವ ಮಾತು. ಯಾವ ಆಶ್ರಯವೂ ಕಾಣದೆ ಹೋದವನ ಸಾವಿಗೆ ಆ ಮಾತನ್ನು ಅಂಟಿಸಿ, ಅದನ್ನು ಅವನೇ ಆರಿಸಿಕೊಂಡ ಗುಡಿಯೆಂಬಂತೆ ಮಾಡಿದ್ದೇವೆ. 'ಹತ್ಯೆ' ಎಂಬ ಪದವೋ ಸತ್ತವನನ್ನು ಕೊಲೆಗಾರನ ಸಾಲಿನಲ್ಲಿ ನಿಲ್ಲಿಸುತ್ತದೆ. ಆ ಪದವಿಲ್ಲದೆ ಈ ಲೇಖನವನ್ನೂ ಬರೆಯಲಾಗದು. ನಮ್ಮ ಭಾಷೆಯ ಬಡತನ ಅಷ್ಟಿದೆ. ಆದ್ದರಿಂದಲೇ ಎಷ್ಟೋ ಮನೆಗಳು 'ಹೃದಯಾಘಾತ' ಎಂಬ ಸುಳ್ಳಿನ ಮರೆಗೆ ಹೋಗುತ್ತವೆ. ಆ ಸುಳ್ಳನ್ನು ಒಮ್ಮೆ ಹೇಳಿದ ಮೇಲೆ ಜೀವನವಿಡೀ ಅದನ್ನು ಕಾಯಬೇಕಾಗುತ್ತದೆ. ಸತ್ತವನ ಬಗ್ಗೆ ಮನಬಿಚ್ಚಿ ಮಾತನಾಡುವ ದಾರಿ ಮುಚ್ಚುತ್ತದೆ.

ಸಮಾಜವು ಒಪ್ಪಿಕೊಳ್ಳದ, ಬಹಿರಂಗವಾಗಿ ಅಳಲು ಹಕ್ಕು ಕೊಡದ ಇಂಥ ದುಃಖವನ್ನು ಅಮೆರಿಕದ ಕೆನೆತ್ ಡೋಕ ಅವರು 1989ರಲ್ಲಿ 'ಹಕ್ಕು ಕಳೆದುಕೊಂಡ ದುಃಖ' ಎಂಬರ್ಥದ ಹೆಸರಿನಿಂದ ಗುರುತಿಸಿದರು. ಇದು ಬರಿಯ ಮನಸ್ಸಿನ ಬೇಸರದ ಸಂಗತಿಯಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಆಪ್ತರನ್ನು ಹಠಾತ್ತನೆ ಕಳೆದುಕೊಂಡ 3,432 ಯುವಜನರನ್ನು ವಿಚಾರಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಆತ್ಮಹತ್ಯೆಯಲ್ಲಿ ಆಪ್ತರನ್ನು ಕಳೆದುಕೊಂಡವರು ತಾವೂ ಅಂಥ ಯತ್ನ ಮಾಡುವ ಅಪಾಯ, ಹಠಾತ್ ಸಹಜ ಸಾವಿನಲ್ಲಿ ಕಳೆದುಕೊಂಡವರಿಗಿಂತ ಹೆಚ್ಚಾಗಿತ್ತು. ಆದರೆ ಅವರು ಅನುಭವಿಸಿದ ಕಳಂಕದ ಭಾವನೆಯನ್ನೂ ಲೆಕ್ಕಕ್ಕೆ ಸೇರಿಸಿದಾಗ ಆ ವ್ಯತ್ಯಾಸ ತೀರ ಕ್ಷೀಣಿಸಿತು. ಇದರ ಅರ್ಥವನ್ನು ಸಾವಧಾನವಾಗಿ ಯೋಚಿಸಿರಿ. ನಮ್ಮ ಪಿಸುಮಾತು, ನಮ್ಮ ಮುಖ ತಿರುಗಿಸುವಿಕೆ, ನಮ್ಮ ಮೌನ, ಇವು ಉಳಿದವರ ಪ್ರಾಣಕ್ಕೂ ಸಂಬಂಧಿಸಿದ ಸಂಗತಿಗಳು.

ಅವರು ಬರೆಯುವುದೇನು?

ಈಗ ಬರಹಗಳ ಕಡೆಗೆ ತಿರುಗೋಣ. ಅವುಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು, ಸತ್ತವರಿಗೇ ಬರೆಯುವ ಪತ್ರ. 'ನೀನು' ಎಂದೇ ಅದು ಸಂಬೋಧಿಸುತ್ತದೆ. ತಂಗಿಯ ಮದುವೆ ನಿಶ್ಚಯವಾದದ್ದು, ನಾಯಿ ಮರಿ ಹಾಕಿದ್ದು, ಅಮ್ಮ ಮತ್ತೆ ಮೀನುಸಾರು ಮಾಡಲು ತೊಡಗಿದ್ದು ಇಂಥ ಚಿಕ್ಕ ಸುದ್ದಿಗಳು ಅದರಲ್ಲಿರುತ್ತವೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಸಕಲ ಮೃತರ ದಿನ ಸಮಾಧಿಯ ಮುಂದೆ ಮೊಂಬತ್ತಿ ಹಚ್ಚಿ ತುಟಿಯಲುಗಿಸುವ ನಮಗೆ ಇದು ವಿಚಿತ್ರವೆನಿಸಬಾರದು. ಸಂತರ ಅನ್ಯೋನ್ಯತೆಯನ್ನು ವಿಶ್ವಾಸಸಾರದಲ್ಲಿ ಒಪ್ಪಿಕೊಂಡವರು ನಾವು. ಸಮಾಧಿಯಿಂದ ಸಾವಿರಾರು ಮೈಲಿ ದೂರದಲ್ಲಿ, ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ಅಣ್ಣನಿಗೆ ತಮ್ಮನ ಆ ಪುಟವೇ ಹೋಗಿ ನಿಲ್ಲಬಲ್ಲ ಸಮಾಧಿ.

ಎರಡನೆಯದು, ಸಮಾನ ದುಃಖಿಗಳಿಗೆ ಹೇಳುವ ಕಥೆ. ಅಮೆರಿಕದಲ್ಲಿ 2008ರಲ್ಲಿ ಸ್ಥಾಪನೆಯಾದ 'ಅಲಯನ್ಸ್ ಆಫ್ ಹೋಪ್' ಎಂಬ ಸಂಸ್ಥೆ ಇಂಥವರಿಗಾಗಿ ಹಗಲಿರುಳೂ ತೆರೆದಿರುವ, ಮೇಲ್ವಿಚಾರಕರ ನಿಗಾದಲ್ಲಿರುವ ಅಂತರಜಾಲ ಬಳಗವನ್ನು ನಡೆಸುತ್ತಿದೆ. ರೆಡ್ಡಿಟ್ ತಾಣದಲ್ಲಿ ಇವರದೇ ಗುಂಪಿದೆ. ಅಲ್ಲಿ ಹೆಸರು ಹೇಳದೆಯೂ ಬರೆಯಬಹುದು. ಹೊಸಬರೊಬ್ಬರು ಬಂದು ತಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತಾರೆ. ಐದು ವರ್ಷ, ಹತ್ತು ವರ್ಷ ಕಳೆದವರು ಉತ್ತರಿಸುತ್ತಾರೆ. ಉತ್ತರದಲ್ಲಿ ಉಪದೇಶ ಕಡಿಮೆ. ತಮಗೂ ಹೀಗೆಯೇ ಆಗಿತ್ತು, ಇನ್ನೂ ಬದುಕಿದ್ದೇವೆ ಎಂಬ ಸಾಕ್ಷ್ಯವೇ ಹೆಚ್ಚು. ಸಂತೈಸುವ ವಿದ್ವಾಂಸನಿಗಿಂತ ಬದುಕುಳಿದ ಸಮಾನದುಃಖಿಯ ಮಾತಿಗೆ ಬಲ ಹೆಚ್ಚೆಂಬುದನ್ನು ಧರ್ಮಸಭೆಗಳ ಸೇವಕರೂ ಕಂಡುಕೊಂಡಿದ್ದರು. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಆಸ್ಪತ್ರೆಯ ಯುವ ಧರ್ಮಗುರು ಸೈಮನ್ ಸ್ಟೀಫನ್ಸ್ ಅವರು, ಮಕ್ಕಳನ್ನು ಕಳೆದುಕೊಂಡ ಎರಡು ಕುಟುಂಬಗಳು ಪರಸ್ಪರ ನೀಡಿದ ಆಸರೆ ತಮ್ಮ ಮಾತಿಗಿಂತ ಫಲಕಾರಿಯಾದುದನ್ನು ಗಮನಿಸಿದರು. ಆ ಅನುಭವದಿಂದ 1969ರಲ್ಲಿ ಹುಟ್ಟಿದ 'ಕಂಪ್ಯಾಷನೇಟ್ ಫ್ರೆಂಡ್ಸ್' ಬಳಗ ಇಂದು ಅನೇಕ ದೇಶಗಳಲ್ಲಿದೆ. ಜಾಲತಾಣದ ಗುಂಪು ಆ ಕೋಣೆಯನ್ನೇ ವಿಸ್ತರಿಸಿದೆ.

ಮೂರನೆಯದು, ಬಹಿರಂಗ ಸಾಕ್ಷ್ಯ. 'ನನ್ನ ಪತಿ ಆತ್ಮಹತ್ಯೆಯಿಂದ ತೀರಿಕೊಂಡರು' ಎಂದು ಹೆಸರಿಟ್ಟು ಹೇಳುವುದು. ತಮಿಳುನಾಡಿನ ಡಾ. ನಂದಿನಿ ಮುರಳಿ ಅವರು 2017ರಲ್ಲಿ ವೈದ್ಯರಾಗಿದ್ದ ತಮ್ಮ ಪತಿಯನ್ನು ಹೀಗೆ ಕಳೆದುಕೊಂಡ ಬಳಿಕ ಸತ್ಯವನ್ನು ಮುಚ್ಚಿಡದೆ ಹೇಳುವ ನಿರ್ಧಾರ ಮಾಡಿದರು. 2021ರಲ್ಲಿ 'ಲೆಫ್ಟ್ ಬಿಹೈಂಡ್' ಎಂಬ ಪುಸ್ತಕವನ್ನೂ ಬರೆದರು. ಒಬ್ಬರು ಹೀಗೆ ಬಾಯಿ ಬಿಟ್ಟರೆ, ಇಪ್ಪತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದ ಇನ್ನೊಬ್ಬರಿಗೆ ಮಾತು ಬರುತ್ತದೆ.

ಈ ಮೂರೂ ಬಗೆಗಳಲ್ಲಿ ಭಾಷೆಯ ಸೊಗಸನ್ನು ಹುಡುಕಬೇಡಿ. ಅಕ್ಷರತಪ್ಪುಗಳಿರುತ್ತವೆ, ವಾಕ್ಯಗಳು ಅರ್ಧಕ್ಕೆ ನಿಲ್ಲುತ್ತವೆ, ಒಂದೇ ಮಾತು ಹತ್ತು ಸಲ ಬರುತ್ತದೆ. 'ಅಂದು ನಾನು ಫೋನ್ ಎತ್ತಿದ್ದರೆ' ಎಂಬ ಧಾಟಿಯ ವಾಕ್ಯ ಎಷ್ಟು ಬಾರಿ ಬಂದರೂ ಬರೆದವರಿಗೆ ಮುಗಿಯುವುದಿಲ್ಲ. ಮನೆಯವರು ಮೂರನೆಯ ಸಲ ಕೇಳುವಾಗ ಬೇಸರಪಡುವ ಮಾತನ್ನು ಅಲ್ಲಿ ನೂರನೆಯ ಸಲವೂ ಯಾರೋ ಒಬ್ಬರು ಕೇಳಿಸಿಕೊಳ್ಳುತ್ತಾರೆ. ಯೋಬನ ಗ್ರಂಥವನ್ನು ಓದಿದವರಿಗೆ ಇದು ತಿಳಿಯುತ್ತದೆ: ದುಃಖ ಅದೇ ಪ್ರಶ್ನೆಯ ಸುತ್ತ ಮತ್ತೆ ಮತ್ತೆ ಸುತ್ತಬೇಕಾಗುತ್ತದೆ. ಯೋಬನ ಗೆಳೆಯರು ಏಳು ದಿನ ನೆಲದ ಮೇಲೆ ಮಾತಿಲ್ಲದೆ ಅವನೊಂದಿಗೆ ಕುಳಿತಿದ್ದಾಗ ಒಳ್ಳೆಯ ಗೆಳೆಯರಾಗಿದ್ದರು. ಕಾರಣ ವಿವರಿಸಲು ತೊಡಗಿದ ಮೇಲೆ ಹಾಗೆ ಉಳಿಯಲಿಲ್ಲ.

ಗತ್ ಊರಿನ ಬೀದಿ

ಇಷ್ಟನ್ನು ಹೇಳಿ ಮುಗಿಸಿದರೆ ವಿಮರ್ಶೆ ಪೂರ್ಣವಾಗದು. ಯೆಹೂದದ ಅಂಗಳವಾಗಬಲ್ಲ ಇದೇ ತಾಣ ಮರುಕ್ಷಣವೇ ಗತ್ ಬೀದಿಯಾಗಿಬಿಡುವುದುಂಟು.

2020ರ ಜೂನ್ ತಿಂಗಳಲ್ಲಿ ಹಿಂದಿ ಚಿತ್ರನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ನಂತರ ನಡೆದುದನ್ನು ನೆನೆಯಿರಿ. ಕುಟುಂಬದವರು ಎತ್ತಿದ ಪ್ರಶ್ನೆಗಳಿಗೆ ತನಿಖೆ, ನ್ಯಾಯಾಲಯಗಳಿವೆ. ಆದರೆ ಸತ್ತವನನ್ನು ಒಮ್ಮೆಯೂ ಕಾಣದ ಲಕ್ಷಾಂತರ ಜನ ತಿಂಗಳುಗಟ್ಟಲೆ ತಾವೇ ನ್ಯಾಯಾಧೀಶರಾಗಿ ಅಪರಾಧಿಗಳನ್ನು ಹುಡುಕಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ದೆಹಲಿಯ ಏಮ್ಸ್ ವೈದ್ಯರ ಮಂಡಳಿ ಕೊಲೆಯ ಸಾಧ್ಯತೆಯನ್ನು ತಳ್ಳಿಹಾಕಿತು. 2025ರ ಮಾರ್ಚ್‌ನಲ್ಲಿ ಸಿಬಿಐ ಮುಕ್ತಾಯ ವರದಿ ಸಲ್ಲಿಸಿತು. ಅಷ್ಟರೊಳಗೆ ಬೀದಿ ತನ್ನ ತೀರ್ಪು ಕೊಟ್ಟಾಗಿತ್ತು. ಸಣ್ಣ ಪ್ರಮಾಣದಲ್ಲಿ ಇದೇ ನಾಟಕ ನಮ್ಮ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ನಡೆಯುತ್ತದೆ. ಪರೀಕ್ಷೆಯಲ್ಲಿ ಸೋತನಂತೆ, ಸಾಲವಿತ್ತಂತೆ, ಹೆಂಡತಿಯೊಡನೆ ಜಗಳವಂತೆ ಎಂಬ 'ಅಂತೆ'ಗಳು ಶವ ಮನೆಗೆ ಬರುವ ಮೊದಲೇ ಊರು ಸುತ್ತುತ್ತವೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಗಳು, ಸಾವಿನ ವಿಧಾನ ಮತ್ತು ಸ್ಥಳವನ್ನು ವರ್ಣಿಸಬಾರದು, ರೋಚಕ ತಲೆಬರಹ ಕೊಡಬಾರದು ಎನ್ನುತ್ತವೆ. ಸಂದೇಶವನ್ನು ಮುಂದಕ್ಕೆ ಕಳುಹಿಸುವ ನಮ್ಮ ಬೆರಳಿಗೆ ಯಾವ ಮಂಡಳಿಯಿದೆ? ನಮ್ಮ ಆತ್ಮಸಾಕ್ಷಿಯೇ ಆ ಮಂಡಳಿ.

ಎರಡನೆಯ ಅಪಾಯ ಯಂತ್ರದ್ದು. ನಾವು ಯಾವುದನ್ನು ಹೆಚ್ಚು ಹೊತ್ತು ನೋಡುತ್ತೇವೋ ಅದನ್ನೇ ಇನ್ನಷ್ಟು ತಂದಿಡುವುದು ಈ ತಾಣಗಳ ಲೆಕ್ಕಾಚಾರ. ದುಃಖಿಗೆ ಅದು ದುಃಖವನ್ನೇ ಬಡಿಸುತ್ತದೆ. ಲಂಡನ್ನಿನ ಹದಿನಾಲ್ಕು ವರ್ಷದ ಮಾಲಿ ರಸೆಲ್ 2017ರಲ್ಲಿ ತೀರಿಕೊಂಡಳು. ತಾಣಗಳು ಅವಳ ಮುಂದೆ ತಂದು ಸುರಿದಿದ್ದ ನಿರಾಶೆಯ ಚಿತ್ರಗಳೂ ಬರಹಗಳೂ ಅವಳ ಸಾವಿಗೆ ಅತ್ಯಲ್ಪಕ್ಕಿಂತ ಹೆಚ್ಚಿನ ಮಟ್ಟದಲ್ಲಿ ಕಾರಣವಾದವೆಂದು 2022ರಲ್ಲಿ ಮರಣ ವಿಚಾರಣೆಯ ಅಧಿಕಾರಿ ನಿರ್ಣಯಿಸಿದರು. ಮಗಳನ್ನು ಕಳೆದುಕೊಂಡ ತಂದೆ ಇಯಾನ್ ರಸೆಲ್ ಅವರು ಈ ತಾಣಗಳ ಸುರಕ್ಷತೆಗಾಗಿ ಹೋರಾಡುತ್ತ ಬಂದಿದ್ದಾರೆ. ಆಪ್ತರನ್ನು ಕಳೆದುಕೊಂಡು ಮನಸ್ಸು ಜರ್ಜರಿತವಾದವರಿಗೆ ಅದೇ ಯಂತ್ರ ಮಧ್ಯರಾತ್ರಿಯ ಸಂಗಾತಿಯಾಗುವುದೆಂದರೆ ಎಚ್ಚರ ಅಗತ್ಯ. ಮೇಲ್ವಿಚಾರಕರಿಲ್ಲದ, ವಿಧಾನಗಳನ್ನು ವರ್ಣಿಸುವ, ಸಾವನ್ನು ಬಿಡುಗಡೆಯೆಂದು ಹೊಗಳುವ ಗುಂಪಿನಿಂದ ತಕ್ಷಣ ಹೊರಬರಬೇಕು.

ಮೂರನೆಯದು, ಉತ್ತರ ಸಿಕ್ಕೀತೆಂಬ ಭ್ರಮೆ. ಜರ್ಮನಿಯ ಬರ್ಲಿನ್‌ನಲ್ಲಿ 2012ರಲ್ಲಿ ಹದಿನೈದರ ಹುಡುಗಿಯೊಬ್ಬಳು ರೈಲಿಗೆ ಸಿಕ್ಕಿ ಸತ್ತಳು. ಅದು ಅಪಘಾತವೋ ಆತ್ಮಹತ್ಯೆಯೋ ತಿಳಿಯದ ತಂದೆತಾಯಿ ಅವಳ ಫೇಸ್‌ಬುಕ್ ಖಾತೆಯನ್ನು ನೋಡಬಯಸಿದರು. ಆದರೆ ಖಾತೆ ಅಷ್ಟರಲ್ಲಿ 'ಸ್ಮರಣಾರ್ಥ' ಖಾತೆಯಾಗಿ ಮಾರ್ಪಟ್ಟು ಬೀಗ ಬಿದ್ದಿತ್ತು. ವರ್ಷಗಳ ವ್ಯಾಜ್ಯದ ನಂತರ 2018ರ ಜುಲೈನಲ್ಲಿ ಅಲ್ಲಿನ ಉನ್ನತ ನ್ಯಾಯಾಲಯವು, ಪತ್ರಗಳೂ ದಿನಚರಿಗಳೂ ವಾರಸುದಾರರಿಗೆ ಸೇರುವಂತೆ ಖಾತೆಯೂ ಸೇರುತ್ತದೆಂದು ತೀರ್ಪಿತ್ತಿತು. ಸಂಸ್ಥೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪುಟಗಳ ಕಡತವೊಂದನ್ನು ಕೊಟ್ಟಿತು. ಅದು ಸಾಲದು, ಖಾತೆಯೊಳಗೇ ಪ್ರವೇಶ ಕೊಡಬೇಕೆಂದು 2020ರಲ್ಲಿ ನ್ಯಾಯಾಲಯ ಮತ್ತೆ ಹೇಳಬೇಕಾಯಿತು. ಆ ತಂದೆತಾಯಿಯ ಹಕ್ಕು ನ್ಯಾಯವಾದದ್ದೇ. ಆದರೂ ಸತ್ತವರ ಪ್ರತಿ ಸಂದೇಶವನ್ನೂ ಕೆದಕುತ್ತ ಕುಳಿತ ಯಾವುದೇ ಮನೆಯವರಿಗೆ ಪ್ರೀತಿಯಿಂದ ಹೇಳಬೇಕಾದ ಮಾತೊಂದಿದೆ: ಇಂಥ ಸಾವಿಗೆ ಒಂದೇ ಕಾರಣ ಇರುವುದು ಅಪರೂಪ, ಹಲವು ನೋವುಗಳು ಒಂದೆಡೆ ಸೇರಿ ಮನಸ್ಸನ್ನು ಕವಿದಿರುತ್ತವೆ. ಎಷ್ಟು ಸಾವಿರ ಪುಟ ಓದಿದರೂ 'ಏಕೆ' ಎಂಬುದು ಪೂರ್ಣವಾಗಿ ತೀರದಿರಬಹುದು.

ಬಳಕೆಗೆ ಬರುವ ಸಂಗತಿಯೊಂದನ್ನು ಇಲ್ಲಿ ಹೇಳುವುದು ಉಚಿತ. ಸತ್ತವರ ಖಾತೆಯನ್ನು ಸ್ಮರಣಾರ್ಥ ಉಳಿಸುವ ಏರ್ಪಾಡನ್ನು ಫೇಸ್‌ಬುಕ್ 2009ರಲ್ಲಿ ತಂದಿತು. ಹಾಗೆ ಮಾಡಿದರೆ ಹುಟ್ಟುಹಬ್ಬದ ನೆನಪೋಲೆಗಳು ಗೆಳೆಯರಿಗೆ ಹೋಗುವುದು ನಿಲ್ಲುತ್ತದೆ. ತನ್ನ ನಂತರ ಖಾತೆಯನ್ನು ನೋಡಿಕೊಳ್ಳುವವರನ್ನು ಬದುಕಿರುವಾಗಲೇ ಹೆಸರಿಸುವ ಅವಕಾಶ 2015ರಿಂದ ಇದೆ. ಆದರೆ ಬರ್ಲಿನ್ನಿನ ಪ್ರಕರಣ ತೋರಿಸುವಂತೆ, ಸ್ಮರಣಾರ್ಥ ಮಾಡಿದ ಖಾತೆಯೊಳಗೆ ಮನೆಯವರೂ ಸುಲಭವಾಗಿ ಮತ್ತೆ ಪ್ರವೇಶಿಸಲಾರರು. ಆದ್ದರಿಂದ ಮನೆಯವರೆಲ್ಲ ಕೂಡಿ ಮಾತನಾಡಿ, ಅವಸರವಿಲ್ಲದೆ ನಿರ್ಧರಿಸುವುದು ಒಳಿತು.

ಪರದೆ ಮಾಡಲಾರದ್ದು

ಸೌಲನ ಕಥೆಯಲ್ಲಿ ದಾವೀದನ ಗೀತೆಗಿಂತ ಮೊದಲು ಇನ್ನೊಂದು ಘಟನೆ ನಡೆಯುತ್ತದೆ. ಫಿಲಿಷ್ಟಿಯರು ಸೌಲನ ಶವವನ್ನು ಬೇತ್‌ಷಾನ್ ಊರಿನ ಗೋಡೆಗೆ ತೂಗುಹಾಕಿದ್ದರು. ಯಾಬೇಷ್ ಗಿಲ್ಯಾದಿನ ವೀರರು ಅದನ್ನು ಕೇಳಿ ರಾತ್ರಿಯಿಡೀ ನಡೆದು ಹೋಗಿ, ಶವವನ್ನು ಇಳಿಸಿ ತಂದು, ಎಲುಬುಗಳನ್ನು ಮರದಡಿ ಹೂಳಿ, ಏಳು ದಿನ ಉಪವಾಸವಿದ್ದರು. ಗೀತೆಯನ್ನು ಬರಹ ಮಾಡಬಲ್ಲದು. ರಾತ್ರಿಯ ನಡಿಗೆಯನ್ನು ಕಾಲುಗಳೇ ಮಾಡಬೇಕು. ಜಾಲತಾಣದ ಮೂಲಭೂತ ಕೊರತೆ ಇದು. ಅದಕ್ಕೆ ಕಾಲಿಲ್ಲ, ಕೈಯಿಲ್ಲ. ಗಂಜಿ ತರಲಾರದು. ಪೊಲೀಸ್ ಠಾಣೆಗೆ, ಶವಪರೀಕ್ಷೆಯ ಕೋಣೆಗೆ ಜೊತೆ ಬರಲಾರದು. ವಿಧವೆಯ ಮಗುವಿನ ಶಾಲೆಯ ಶುಲ್ಕ ಕಟ್ಟಲಾರದು.

ಹಾಗೆಂದು ಹೊಸ ಸಾಧನವನ್ನು ಧರ್ಮಸಭೆ ದೂರವಿಡಬೇಕೆಂದಲ್ಲ. 1935ರಲ್ಲಿ ಇಂಗ್ಲೆಂಡಿನ ಯುವ ಆಂಗ್ಲಿಕನ್ ಗುರು ಚಾಡ್ ವರಾ ಅವರು ನಡೆಸಿದ ಮೊದಲ ಶವಸಂಸ್ಕಾರ ಹದಿನಾಲ್ಕರ ಹುಡುಗಿಯೊಬ್ಬಳದು. ಮೊದಲ ಋತುಸ್ರಾವವನ್ನು ಭೀಕರ ರೋಗವೆಂದು ಭ್ರಮಿಸಿ, ಕೇಳಲು ಯಾರೂ ಇಲ್ಲದೆ ಅವಳು ಪ್ರಾಣ ಕಳೆದುಕೊಂಡಿದ್ದಳು. ಆ ನೆನಪನ್ನು ಹೊತ್ತು ಅವರು 1953ರಲ್ಲಿ ಲಂಡನ್ನಿನ ತಮ್ಮ ದೇವಾಲಯದಲ್ಲಿ ದೂರವಾಣಿಯೊಂದನ್ನು ಇಟ್ಟುಕೊಂಡು 'ಸಮಾರಿಟನ್ಸ್' ಸೇವೆಯನ್ನು ಆರಂಭಿಸಿದರು. ಅವರನ್ನು ಕಾಣಲು ಕಾದಿದ್ದವರಿಗೆ ಚಹ ಕೊಟ್ಟು ಕಿವಿಗೊಟ್ಟ ಸಾಮಾನ್ಯ ಸ್ವಯಂಸೇವಕರಿಂದಲೇ ಎಷ್ಟೋ ಮಂದಿಗೆ ನೆಮ್ಮದಿ ಸಿಕ್ಕಿತು. ಅಂದಿನ ದೂರವಾಣಿಯ ಜಾಗದಲ್ಲಿ ಇಂದು ಜಾಲತಾಣವಿದೆ. ಎರಡೂ ದಾರಿಗಳೇ. ದಾರಿಯ ಕೊನೆಯಲ್ಲಿ ಕಿವಿಯೊಂದು ಇರಬೇಕು.

ಆದ್ದರಿಂದ, ಓದುಗರೇ, ನಮ್ಮ ಧರ್ಮಕೇಂದ್ರಗಳಿಂದ ಆಗಬೇಕಾದುದು ಕಷ್ಟದ ಕೆಲಸವೇನಲ್ಲ. ಸಾವಿನ ಸುದ್ದಿ ಗುಂಪಿನಲ್ಲಿ ಬಂದಾಗ ಕಾರಣ ಕೇಳಬೇಡಿ. ಬಂದ ಚಿತ್ರವನ್ನಾಗಲಿ ಪತ್ರವನ್ನಾಗಲಿ ಮುಂದಕ್ಕೆ ಕಳುಹಿಸಬೇಡಿ. ಕೈಮುಗಿದ ಚಿಹ್ನೆಯೊಂದನ್ನು ಒತ್ತಿ ಕರ್ತವ್ಯ ಮುಗಿಯಿತೆಂದುಕೊಳ್ಳಬೇಡಿ. ಸತ್ತವರ ಹೆಸರು ಹಿಡಿದು ನಿಮಗೆ ನೆನಪಿರುವ ಒಂದು ಒಳ್ಳೆಯ ಸಂಗತಿಯನ್ನು ಮನೆಯವರಿಗೆ ಖಾಸಗಿಯಾಗಿ ಬರೆಯಿರಿ. 'ದೇವರ ಚಿತ್ತ' ಎನ್ನಬೇಡಿ. ನರಕದ ಮಾತು ಎತ್ತಲೇಬೇಡಿ. ಕಿರು ಕ್ರೈಸ್ತ ಸಮುದಾಯದ ಕೂಟಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ. ಸಕಲ ಮೃತರ ದಿನದ ಪ್ರಾರ್ಥನೆಯಲ್ಲಿ ಇಂಥವರನ್ನೂ ಮರೆಮಾಚದೆ ನೆನೆಯಲಿ. ಧರ್ಮಗುರುಗಳು ಪ್ರಬೋಧನೆಯಲ್ಲಿ ಧರ್ಮೋಪದೇಶದ ಆ ಸಾಂತ್ವನವನ್ನು ಒಮ್ಮೆ ಬಾಯಿಬಿಟ್ಟು ಹೇಳಲಿ. ಅದಕ್ಕಾಗಿ ವರ್ಷಗಳಿಂದ ಕಾದು ಕುಳಿತವರು ಸಭೆಯಲ್ಲಿರುತ್ತಾರೆ.

ಇನ್ನು, ಈ ಪುಟವನ್ನು ಓದುತ್ತಿರುವವರಲ್ಲಿ ಇಂಥ ದುಃಖವನ್ನು ಹೊತ್ತವರೇ ಆಗಿದ್ದರೆ, ನಿಮಗೆರಡು ಮಾತು. ರಾತ್ರಿ ನೀವು ಬರೆಯುವುದು ನಾಚಿಕೆಗೇಡಲ್ಲ. ದಾವೀದನೂ ತನ್ನ ಶೋಕವನ್ನು ಜನರ ಬಾಯಿಗೆ ಕೊಟ್ಟವನೇ. ಒಳ್ಳೆಯ ಅಂಗಳವನ್ನು ಆರಿಸಿಕೊಳ್ಳಿರಿ. ಓದಿ ಮುಗಿಸಿದ ಮೇಲೆ ಮನಸ್ಸು ತುಸು ಹಗುರಾಗುತ್ತದೆಯೋ ಇನ್ನಷ್ಟು ಕುಸಿಯುತ್ತದೆಯೋ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಕುಸಿಯುತ್ತದೆಯಾದರೆ, ನಿಮಗೂ ಬದುಕು ಬೇಡವೆನಿಸುತ್ತಿದ್ದರೆ, ಆ ಗಳಿಗೆಯಲ್ಲಿ ಪರದೆಯನ್ನು ಬಿಟ್ಟು ಒಬ್ಬ ಮನುಷ್ಯನ ದನಿಯನ್ನು ಹುಡುಕಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಾಗಿರುವ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಉಳಿದ ನಮಗೆ ಒಂದೇ ಕೆಲಸ. ತಿಂಗಳ ಬಲಿಪೂಜೆ ಮುಗಿದು, ಬಂಧುಗಳು ಚದುರಿ, ಆ ಮನೆಯ ಕರೆಗಂಟೆ ಮೌನವಾದ ಮೇಲೆ, ಒಂದು ಸಂಜೆ ಹೋಗಿ ಬಾಗಿಲು ತಟ್ಟೋಣ. ಏನು ಹೇಳಬೇಕೆಂದು ತೋಚದಿದ್ದರೆ ತೋಚುವುದಿಲ್ಲವೆಂದೇ ಹೇಳೋಣ. ಸತ್ತವರ ಹೆಸರನ್ನು ಎತ್ತೋಣ. ಅವರು ಅತ್ತರೆ, ಎದ್ದು ಬರುವ ಅವಸರ ಮಾಡದೆ ಇನ್ನಷ್ಟು ಹೊತ್ತು ಕುಳಿತಿರೋಣ.